ಅರಕಲಗೂಡಿನಿಂದ ಬಂದ ಎಫ್ ಟ್ಯೂಬಾ

ಹಾಸನದ ಬಸ್ ನಿಲ್ದಾಣಕ್ಕೆ ನಾನೂ ನನ್ನ ಹೆಂಡತಿ ಜಯಮ್ಮನೂ ಬಂದಾಗ ಬೆಳಿಗ್ಗೆ ಆರೂವರೆ. ಫೆಬ್ರವರಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ಹೊಳೆನರಸೀಪುರಕ್ಕೆ ನನಗೆ ನಲವತ್ತೈದು ರೂಪಾಯಿ ಟಿಕೆಟ್. ಜಯಮ್ಮ ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಕೂತಳು, ಅದೂ ಕಿಟಕಿ ಪಕ್ಕ. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಐವತ್ತನಾಲ್ಕನೆಯ ವಯಸ್ಸಿನಲ್ಲಿ ಮೊದಲ ಸಲ ನನ್ನದೇ ಆದ ವಾದ್ಯ ಕೊಳ್ಳಲು ಹೊರಟಿದ್ದೆ.

ಕಸುಬಿನಲ್ಲಿ ನಾನು ಟೈಲರ್. ಮದುವೆ ಕಾಲ ಬಂದರೆ ಬ್ಯಾಂಡ್‌ಸೆಟ್ಟಿನವನು. ಎಲ್ಲರ ಹಿಂದೆ ದೊಡ್ಡ ಬಾಯಿಯ ಹಿತ್ತಾಳೆ ವಾದ್ಯ ಹೊತ್ತು ‘ಭೋಂ ಭೋಂ’ ಎಂದು ಊದುತ್ತಾ ಬರುವವನಿರುತ್ತಾನಲ್ಲ, ಅವನೇ. ಮೂವತ್ತು ವರ್ಷ ಹಾಗೆ ಊದಿದ್ದೇನೆ, ಒಂದು ಹಾಡನ್ನೂ ಒಬ್ಬನೇ ನುಡಿಸಿಲ್ಲ. ಸೆಟ್ಟಿನ ಆ ಟ್ಯೂಬಾ ಹತ್ತು ಕಿಲೋ ತೂಗುತ್ತದೆ. ಈ ವರ್ಷ ಬಲ ಹೆಗಲು ಕೈಕೊಟ್ಟಿತು. ಇನ್ನು ಅಷ್ಟು ಭಾರ ಹೊರಬಾರದು ಎಂದರು ಡಾಕ್ಟರು. ಸೆಟ್ಟಿನ ಯಜಮಾನ ಪುಟ್ಟಸ್ವಾಮಿ ನನಗಿಂತ ಚಿಕ್ಕವನು. ನಾವು ಹೊರಟ ದಿನ ಸಂಜೆಯೇ ಚನ್ನರಾಯಪಟ್ಟಣದಲ್ಲಿ ವರನ ಮೆರವಣಿಗೆ ಇತ್ತು. ಹೊರಲಾಗುವ ವಾದ್ಯ ಹುಡುಕಿ ತಂದರೆ ಸರಿ, ಇಲ್ಲದಿದ್ದರೆ ಮುಂದಿನ ವಾರದಿಂದ ನಿನ್ನ ಜಾಗಕ್ಕೆ ಕೀಬೋರ್ಡ್ ಎಂದಿದ್ದ. ಬೈದು ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆತ್ತಗೆ ಹೇಳಿದ, ಅದೇ ಸಂಕಟವಾಯಿತು.

ಹೇಮಾವತಿ ಸೇತುವೆ ದಾಟಿ ಹೊಳೆನರಸೀಪುರದಲ್ಲಿ ಇಳಿದಾಗ ಏಳೂಮುಕ್ಕಾಲು. ಇಡ್ಲಿ ತಿಂದು, ಬ್ಯಾಂಡ್ ಸಾಮಾನು ಮಾರುವ ಒಬ್ಬರ ಮನೆಗೆ ಹೋದೆವು. ಅವರಲ್ಲಿದ್ದ ಟ್ಯೂಬಾ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನಮ್ಮ ಸೆಟ್ಟಿನದೇ ಜಾತಿ, ಅದೇ ಬಿ-ಫ್ಲಾಟ್ ಶ್ರುತಿ, ಒಂದು ಕಿಲೋ ಕಡಿಮೆ ಅಷ್ಟೆ. ಊದಿದ ತಕ್ಷಣ ಹೇಳಿದ ಮಾತು ಕೇಳಿತು. ನಾವು ವಾದ್ಯವನ್ನು ಕೂತು ಪರೀಕ್ಷಿಸುವವರಲ್ಲ, ನಡೆಯುತ್ತಾ ಊದಿ ನೋಡಬೇಕು. ಬೀದಿಯ ತುದಿಯವರೆಗೆ ಊದುತ್ತಾ ಹೋದೆ. ಬರುವಾಗ ಹೆಗಲಿನಲ್ಲಿ ಕೆಂಡ ಇಟ್ಟಂತಾಯಿತು. ಹಲ್ಲು ಕಚ್ಚಿ ನಕ್ಕೆ, ಇದೇ ಸಾಕು ಎಂದೆ. ಜಯಮ್ಮ ನನ್ನ ಮುಖ ನೋಡಿದಳು.

“ಒಂದೇ ಅಂಗ್ಡೀಲಿ ಸೀರೆ ತಗಂಡಿದ್ದು ನೋಡಿದ್ದೀರಾ? ಇನ್ನೊಂದ್ ನೋಡ್ಬುಟ್ಟು ಮಾತಾಡಿ” ಎಂದಳು.

ಆ ಇನ್ನೊಂದು ಅರಕಲಗೂಡಿನಲ್ಲಿತ್ತು. ಮುಕ್ಕಾಲು ಗಂಟೆಯ ದಾರಿ. ಎಡಬಲಕ್ಕೂ ಸೊಪ್ಪು ಕೊಯ್ದು ಮುಗಿದ ಹೊಗೆಸೊಪ್ಪಿನ ಹೊಲಗಳು, ನಡುವೆ ಸೊಪ್ಪು ಬೇಯಿಸುವ ಇಟ್ಟಿಗೆಯ ಬ್ಯಾರನ್‌ಗಳು. ಬಿಸಿಲು ಏರಿ ಸ್ವೆಟರ್ ಬಿಚ್ಚಿದೆ. ವಾದ್ಯದ ಮಾಲೀಕರು ರಂಗಪ್ಪ ಮೇಷ್ಟ್ರು. ಸುತ್ತಲ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು. ತೀರಿಕೊಂಡ ಅವರ ಅಣ್ಣ ಮಿಲಿಟರಿ ಬ್ಯಾಂಡಿನಲ್ಲಿದ್ದರಂತೆ. ಆ ಅಣ್ಣನ ಎಫ್ ಶ್ರುತಿಯ ಟ್ಯೂಬಾವನ್ನು ಮೇಷ್ಟ್ರು ಹಳೆಯ ಕಂಬಳಿಯಲ್ಲಿ ಸುತ್ತಿಟ್ಟಿದ್ದರು.

ಬಿಚ್ಚಿದಾಗ ನಗು ಬಂತು. ಎಷ್ಟು ಚಿಕ್ಕದು! ಮೈಮೇಲೆ ಎರಡು ತಗ್ಗು, ನಾಲ್ಕು ಪಿಸ್ಟನ್ ಗುಂಡಿ. ಎತ್ತಿಕೊಂಡರೆ ಹೆಗಲಿಗೆ ಗೊತ್ತೇ ಆಗಲಿಲ್ಲ. ಸಂತೋಷ ತಡೆಯಲಾರದೆ ಅಂಗಳದಲ್ಲಿ ಒಂದು ಸುತ್ತು ಹಾಕಿದೆ. ಆಮೇಲೆ, ಮೂವತ್ತು ವರ್ಷ ನುಡಿಸಿದ ಮೆರವಣಿಗೆಯ ಮಟ್ಟು ಹಿಡಿದೆ. ಮೇಷ್ಟ್ರು ಅದೇ ಮಟ್ಟನ್ನು ಹಾರ್ಮೋನಿಯಂನಲ್ಲಿ ನುಡಿಸಿದರು. ಅವರದೊಂದು ದಾರಿ, ನನ್ನದೊಂದು ದಾರಿ. ಮೂರು ಸಲ ನೋಡಿದೆ. ಶ್ರುತಿ ಕೆಟ್ಟುಹೋಗಿದೆ, ಬೇಡ ಎಂದು ಕೆಳಗಿಟ್ಟೆ.

ಮೇಷ್ಟ್ರು ಸಿಟ್ಟಾಗಲಿಲ್ಲ. ಗುಂಡಿ ಒತ್ತದೆ ಸುಮ್ಮನೆ ಊದಿಸಿದರು. ಹಾರ್ಮೋನಿಯಂನ ನಾಲ್ಕನೆಯ ಬಿಳಿ ಮನೆ, ಅಂದರೆ ಎಫ್ ಸ್ವರ, ಒತ್ತಿ ಹಿಡಿದರು. ಎರಡೂ ಕೂದಲೆಳೆಯಷ್ಟೂ ಬೇರೆಯಾಗಲಿಲ್ಲ.

“ವಾದ್ಯ ಸರಿಯಾಗೇ ಅದೆ ಸಾ. ನಿಮ್ ಬೆಳ್ಳು ಅಳೇ ಮನೆ ಬಾಗ್ಲು ತಟ್ತಾವೆ” ಎಂದರು.

ನಾಚಿಕೆಯಾಯಿತು. ನಮ್ಮ ಸೆಟ್ಟಿನಲ್ಲಿ ಯಾರೂ ಸ್ವರ ಕಲಿತವರಲ್ಲ. ಹಿರಿಯರ ಬೆರಳು ನೋಡಿ ಬೆರಳಿಟ್ಟವರು. ಎಫ್ ಟ್ಯೂಬಾದಲ್ಲಿ ಅದೇ ಗುಂಡಿ ಒತ್ತಿದರೆ ಬೇರೆಯದೇ ಸ್ವರ ಬರುತ್ತದೆ. ಮೊದಲು ಬಾಯಲ್ಲಿ ಹಾಡಿ, ಆಮೇಲೆ ಹುಡುಕಿ ಎಂದರು ಮೇಷ್ಟ್ರು. ನಾನು ಎಂದೂ ಹಾಡಿದವನಲ್ಲ. ಜಗಲಿಯಲ್ಲಿ ಕೂತಿದ್ದ ಜಯಮ್ಮ, ಬೇಜಾರು ಬಂದೋ ಏನೋ, ತಾನೇ ಒಂದು ಸೋಬಾನೆ ಎತ್ತಿಕೊಂಡಳು. ಮದುವೆಗಳಲ್ಲಿ ಅವಳ ಸೋಬಾನೆಗೆ ಹೆಸರಿದೆ. ಮೇಷ್ಟ್ರು ಒಂದೆರಡು ಮನೆ ಒತ್ತಿ ನೋಡಿ ನಕ್ಕರು. ಅವಳು ಹಾಡುತ್ತಿದ್ದದ್ದು ಅದೇ ನಾಲ್ಕನೆಯ ಬಿಳಿ ಮನೆಯಲ್ಲಿ. ಅವಳ ಹಿಂದೆಯೇ ತಡಕಾಡುತ್ತಾ ಹೋದೆ. ಅರ್ಧ ಗಂಟೆಯಲ್ಲಿ ನಾಲ್ಕು ಸಾಲು ಸಿಕ್ಕಿತು. ನಮ್ಮ ಹಳೆಯ ಟ್ಯೂಬಾ ಗುಡುಗಿದರೆ ಇದು ಮಾತಾಡುತ್ತಿತ್ತು. ಕಣ್ಣಲ್ಲಿ ನೀರು ಬಂತು, ಮುಚ್ಚಿಟ್ಟುಕೊಳ್ಳಲಿಲ್ಲ. ಆದರೆ ನಾಲ್ಕು ಸಾಲು ಕಲಿತು ಸಂಜೆಯ ಮೆರವಣಿಗೆ ನಡೆಸುವುದು ಹೇಗೆ? ಹೆಗಲು ನೋಯಿಸುವ ಪರಿಚಿತ ವಾದ್ಯವೋ, ಬೆರಳಿಗೆ ಹೊಸತಾದ ಹಗುರ ವಾದ್ಯವೋ? ಮೇಷ್ಟ್ರ ಮನೆಯಲ್ಲಿ ಮುದ್ದೆ, ಹುರುಳಿಕಾಳಿನ ಬಸ್ಸಾರು ಉಂಡು ಕೈ ತೊಳೆಯುವಾಗ ತೀರ್ಮಾನ ಮಾಡಿಬಿಟ್ಟೆ. ಎಫ್ ಟ್ಯೂಬಾ ಕಂಬಳಿ ಸಮೇತ ನನ್ನದಾಯಿತು.

ವಾಪಸು ಹೊಳೆನರಸೀಪುರದ ಮೇಲೆಯೇ ಚನ್ನರಾಯಪಟ್ಟಣಕ್ಕೆ ಹೋಗಬೇಕು. ಟ್ಯೂಬಾ ಚಿಕ್ಕದಾದರೂ ಕಂಡಕ್ಟರ್ ಅದಕ್ಕೆ ಲಗೇಜ್ ಟಿಕೆಟ್ ಕೊಟ್ಟೇ ಬಿಟ್ಟ. ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಊದದೆ ಗುಂಡಿ ಒತ್ತಿದೆ. ಮೆರವಣಿಗೆಯ ಮಟ್ಟಿನ ತಳಕ್ಕೆ ಬೇಕಾದ, ಮೇಷ್ಟ್ರು ಹೇಳಿಕೊಟ್ಟಿದ್ದ ಮೂರೇ ಮೂರು ಸ್ವರ, ನೂರಾರು ಸಲ.

ಛತ್ರದ ಬೀದಿಯಲ್ಲಿ ಐದು ಗಂಟೆಗೆ ಮೆರವಣಿಗೆ ಹೊರಟಿತು. ಮೂರು ಸ್ವರದಲ್ಲೇ ಕಾಲ ಹಾಕಿದೆ. ಎರಡು ಕಡೆ ಬೆರಳು ಹಳೆಯ ಚಾಳಿಗೆ ಬಿತ್ತು. ಪುಟ್ಟಸ್ವಾಮಿ ಕ್ಲಾರಿನೆಟ್ ಬಾಯಲ್ಲಿಟ್ಟುಕೊಂಡೇ ತಿರುಗಿ ನೋಡಿದ. ನನ್ನ ಕೆಲಸ ಹೋಯಿತು ಅಂದುಕೊಂಡೆ.

ಛತ್ರದ ಬಾಗಿಲಲ್ಲಿ ಹೆಂಗಸರು ಆರತಿ ಹಿಡಿದು ಸೋಬಾನೆ ಶುರು ಮಾಡಿದರು. ಜಯಮ್ಮ ಎಲ್ಲಿಂದಲೋ ನುಗ್ಗಿ ಅವರ ಜೊತೆ ಸೇರಿ, ಅರಕಲಗೂಡಿನಲ್ಲಿ ಹಾಡಿದ ಸೋಬಾನೆಯನ್ನೇ ಎತ್ತಿಕೊಂಡಿದ್ದಳು. ಅಲ್ಲಿ ಬ್ಯಾಂಡು ಜೋರಾಗುವುದು, ಹೆಂಗಸರು ಬಾಯಿ ಮುಚ್ಚುವುದು ನಮ್ಮ ಕಡೆಯ ವಾಡಿಕೆ. ಆ ದಿನ ನನಗೆ ಜೋರು ಮಾಡಲು ಬರುತ್ತಿರಲಿಲ್ಲ. ಬರುತ್ತಿದ್ದದ್ದು ಜಯಮ್ಮನ ನಾಲ್ಕು ಸಾಲು. ಅದನ್ನೇ ಮೆಲ್ಲಗೆ ಊದಿದೆ. ಪುಟ್ಟಸ್ವಾಮಿ ಕೈಯೆತ್ತಿ ಡ್ರಮ್ಮು ನಿಲ್ಲಿಸಿದ. ಹೆಂಗಸರು ನಿಲ್ಲಿಸಲಿಲ್ಲ. ವರ ಆರತಿ ತಟ್ಟೆಯ ಮುಂದೆ ಸುಮ್ಮನೆ ನಿಂತಿದ್ದ, ನಾನೊಬ್ಬನೇ ನುಡಿಸುತ್ತಿದ್ದೆ.

ಹಾಸನದ ಬಸ್ಸು ಹತ್ತಿಸಲು ಪುಟ್ಟಸ್ವಾಮಿ ನಿಲ್ದಾಣದವರೆಗೂ ಬಂದ. ತಪ್ಪಿದ ಜಾಗಗಳ ಸುದ್ದಿಯನ್ನೇ ಎತ್ತಲಿಲ್ಲ. ನಾವು ಕೂತ ಮೇಲೆ ಕಿಟಕಿಯ ಹತ್ತಿರ ಬಂದು, “ಮುಂದಿನ್ ವಾರ ಅತ್ಗೆಮ್ಮನ್ನೂ ಕರ್ಕಂಡ್ ಬಾ ಮಂಜಣ್ಣ. ಬಾಗ್ಲತ್ರ ನೀವಿಬ್ರೇ, ಬೇರೆ ಯಾರೂ ಬ್ಯಾಡ” ಎಂದ.

ಜಯಮ್ಮ ನನ್ನನ್ನು ಸರಿಸಿ ಕಿಟಕಿಯಿಂದ ಬಗ್ಗಿದಳು.

“ನಂಗೆಷ್ಟ್ ಕೊಡ್ತೀಯ, ಅದ್ನ ಮೊದ್ಲು ಏಳಪ್ಪ” ಎಂದಳು.