ಮನೆ ಬಿಡದ ಶಾಂತಕುಮಾರಿ

ಕಳಸದ ಪೇಟೆಯ ಮೆಣಸಿನ ವ್ಯಾಪಾರಿ ಕಲ್ಲೇಶನ ಹೆಂಡತಿ ಶಾಂತಕುಮಾರಿ ಹನ್ನೊಂದು ವರ್ಷ ಗಂಡನ ಹೊಡೆತ ತಿಂದಳು. ಬೀದಿಗೆ ಗೊತ್ತಾಗಬಾರದೆಂಬ ಎಚ್ಚರ ಹೊಡೆದವನಿಗಿಂತ ಅವಳಿಗೇ ಹೆಚ್ಚಿತ್ತು. ಎರಡು ಸಲ ತವರಿಗೆ ಹೋದಳು. ತಾಯಿ ಭಾಗಮ್ಮ ಮೈ ಊದಿದ ಕಡೆ ಎಣ್ಣೆ ಸವರಿ, ಹಣೆಗೆ ವಿಭೂತಿ ಇಟ್ಟು, "ನಮ್ಮ ಮನೆತನದೋರು ಯಾರೂ ಬೀದಿಗೆ ಬಂದಿಲ್ಲ ಮಗಾ" ಎಂದು ಬಸ್ಸು ಹತ್ತಿಸಿದಳು.

ಕಳೆದ ವರ್ಷ ರವಿಕೆಯ ಅಳತೆ ಕೊಡಲು ಹೋದಾಗ, ಟೈಲರ್ ಜಮೀಲುನ್ನೀಸಾ ಟೇಪು ಸುತ್ತಿದ ಕೂಡಲೇ ಶಾಂತಕುಮಾರಿ ನೋವಿಗೆ ಹಿಂದೆ ಸರಿದಳು. ಜಮೀಲುನ್ನೀಸಾ ಅಂಗಡಿಯ ಪರದೆ ಎಳೆದಳು.

"ಏನಾಯ್ತು ಪಕ್ಕೆಗೆ?"

"ಬಿದ್ದೆ, ಜಮೀಲಕ್ಕ."

"ನಾನೂ ಹಿಂಗೇ ಬೀಳ್ತಿದ್ದೆ, ಶಾಂತಮ್ಮ."

ಆದರೆ ಜಮೀಲುನ್ನೀಸಾಳ ತಾಯಿ ಮಗಳ ಕೈ ಹಿಡಿದುಕೊಂಡು ಹೋಗಿ ಮಸೀದಿಯ ಜಮಾತಿನ ಹಿರಿಯರೆದುರು ಎಲ್ಲ ಹೇಳಿದ್ದಳು. ಅವರೂ ಮೊದಲು ತಾಳಿಕೊಳ್ಳಿ ಎಂದೇ ಅಂದರು. ತಾಯಿ ಮಗಳು ಬಿಡಲಿಲ್ಲ. ನಾಲ್ಕು ಶುಕ್ರವಾರ ಹೋಗಿ ಕೂತು, ಕೊನೆಗೆ ಮದುವೆಯಿಂದ ಬಿಡುಗಡೆ ಪಡೆದೇ ಎದ್ದು ಬಂದರು. ಜಮೀಲುನ್ನೀಸಾ ಇದನ್ನೆಲ್ಲ ಟೇಪು ಮಡಚುತ್ತ ಹೇಳಿದಳು.

"ನಮ್ಮಲ್ಲಿ ಹಂಗೆ ಹೋಗಿ ಕೂರೋ ಜಾಗವೇ ಇಲ್ಲ," ಅಂದಳು ಶಾಂತಕುಮಾರಿ. "ಹೇಳಿದ್ರೆ ಹೋಗೋದು ನಮ್ಮ ಮರ್ಯಾದೆನೇ."

"ಜಾಗ ಹುಡುಕಾಣ. ನಂಗೆ ಬಿಡುಗಡೆ ಬೇಕಿತ್ತು. ನಿಮಗೆ ಏನು ಬೇಕು?"

ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. ಶಾಂತಕುಮಾರಿ ಹೇಳಿದಳು: "ನಾನು ಮನೆ ಬಿಡಲ್ಲ. ಹೋಗೋದಾದ್ರೆ ಅವರು ಹೋಗ್ಲಿ."

ಮರುದಿನ ಇಬ್ಬರೂ ಬೆಳಗಿನ ಬಸ್ಸಿಗೆ ಚಿಕ್ಕಮಗಳೂರಿಗೆ ಹೊರಟರು. ಅಲ್ಲಿ ಮಹಿಳೆಯರ ದೂರು ಕೇಳುವ ಅಧಿಕಾರಿ ಶಾಲಿನಿ, ಹೊಡೆಯುವವನನ್ನೇ ಮನೆಯಿಂದ ಹೊರಗಿಡಿ ಎಂದು ಕೋರ್ಟನ್ನು ಕೇಳಲು ಕಾನೂನಿನಲ್ಲಿ ದಾರಿಯಿದೆ ಎಂದರು. ಶಾಂತಕುಮಾರಿ ಹನ್ನೊಂದು ವರ್ಷದ್ದನ್ನು ಒಂದೇ ಉಸಿರಿಗೆ ಬರೆಸಿದಳು.

ಸುದ್ದಿ ತಿಳಿದು ಕುಲದ ಹಿರಿಯರು ರಾಜಿ ಮಾಡಿಸಲು ಬಂದರು. ಶಾಂತಕುಮಾರಿ ಎಲ್ಲರಿಗೂ ಕಾಫಿ ಕೊಟ್ಟಳು.

"ಅರ್ಜಿ ವಾಪಸ್ ತಗೋ ತಂಗಿ. ಊರು ಏನನ್ನುತ್ತೆ?"

"ಇಷ್ಟು ವರ್ಷ ಊರಿಗಾಗೇ ಸುಮ್ನಿದ್ದೆ. ಇನ್ನು ಆಗಲ್ಲ. ನೀವು ಕಾಫಿ ಕುಡೀರಿ."

ಐದು ತಿಂಗಳಿಗೆ ಕೋರ್ಟಿನ ಆದೇಶ ಬಂತು. ಕಲ್ಲೇಶ ಬಟ್ಟೆ ತುಂಬಿಕೊಂಡು ಸಂಸೆ ಊರಿನಲ್ಲಿದ್ದ ಅಣ್ಣನ ಮನೆಗೆ ಹೋದ. ಶಾಂತಕುಮಾರಿ ಆದೇಶದ ಪ್ರತಿ ಹಿಡಿದು ಪೇಟೆಬೀದಿಯ ನಡುವೆಯೇ ನಡೆದು ಬಂದಳು. ಯಾರು ಕೇಳಿದರೂ ನಿಂತು ನಡೆದದ್ದನ್ನು ಹೇಳಿದಳು.

ಆ ವಾರ ಭಾಗಮ್ಮ, ಒಂಟಿಯಾದಳೆಂದು ಮಗಳನ್ನು ತವರಿಗೆ ಕರೆದೊಯ್ಯಲು ಬಂದಳು. ಮಗಳು ನಗುನಗುತ್ತ ರೊಟ್ಟಿ ತಟ್ಟುತ್ತಿದ್ದಳು. ಭಾಗಮ್ಮ ಅಡುಗೆಮನೆಯ ಹೊಸ್ತಿಲಲ್ಲೇ ಕೂತು ಕೇಳಿದಳು:

"ನನ್ನ ಕಾಲದಲ್ಲಿ ಹಿಂಗೂ ಕೇಳಬಹುದಿತ್ತು ಅಂತ ನಂಗೆ ಯಾರೂ ಹೇಳಲಿಲ್ಲವಲ್ಲೇ?"

ಶಾಂತಕುಮಾರಿ ಕೈಯ ಹಿಟ್ಟು ಒರೆಸಿಕೊಂಡು ತಾಯಿಯ ಪಕ್ಕ ಹೋಗಿ ಕೂತಳು.