ಕಿವಿಯಕ್ಕ ಸುಮ್ಮನೆ ಕೂತ ಹೊತ್ತು

ಆ ಬೀದಿಯಲ್ಲಿ ಅವಳ ನಿಜವಾದ ಹೆಸರು ಹಿಡಿದು ಕೇಳಿದರೆ ಎದುರುಮನೆಯವರೂ ತಲೆ ಕೆರೆದುಕೊಳ್ಳುತ್ತಿದ್ದರು. ಕಿವಿಯಕ್ಕ ಎಂದರೆ ಸಾಕು, ಆಡುತ್ತಿದ್ದ ಮಕ್ಕಳೇ ಕರೆತಂದು ಬಾಗಿಲ ಮುಂದೆ ಬಿಟ್ಟು ಓಡುತ್ತಿದ್ದವು. ಯಾರದೋ ಭಾಷಣ, ಯಾವುದೋ ಅಂಗಡಿಯ ಜಾಹೀರಾತು, ಟ್ಯೂಷನ್ ಮೇಷ್ಟರ ಪಾಠ, ಹೀಗೆ ಜನ ಫೋನಿನಲ್ಲಿ ಹಿಡಿದು ತಂದ ಮಾತನ್ನು ಚೊಕ್ಕ ಮಾಡಿಕೊಡುವುದು ಅವಳ ಕಸುಬು. ಮೊರದ ಮುಂದೆ ಕೂತು ಕಲ್ಲು ಆರಿಸಿದ ಹಾಗೆ ಹಾರ್ನು, ಕೆಮ್ಮು, ನಾಯಿ ಬೊಗಳಿದ್ದು, ‘ಅದೂ... ಇದೂ...’ ಎಂಬ ಎಳೆದಾಟ, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒಂದೊಂದಾಗಿ ಹೆಕ್ಕಿ ತೆಗೆಯುತ್ತಿದ್ದಳು.

ಅಡುಗೆಮನೆಯ ಪಕ್ಕದ ಪುಟ್ಟ ಕೋಣೆಯೇ ಅವಳ ಕಾರ್ಖಾನೆ. ಹೊರಗಿನ ಸದ್ದು ಒಳಗೆ ಬಾರದಿರಲೆಂದು ಗೋಡೆಗೆ ಹಳೆಯ ಹಾಸಿಗೆ ಒರಗಿಸಿ, ಕಿಟಕಿಗೆ ಕಂಬಳಿ ಬಡಿದಿದ್ದಳು. “ಈ ಮನೇಲಿ ಮನುಷ್ಯರಿಗಿಂತ ಗೋಡೆಗೇ ಚಳಿ ಜಾಸ್ತಿ” ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಹೇಳಿದರೂ, ಸೊಸೆ ಕಿವಿಗೆ ಹೆಡ್‌ಫೋನ್ ಏರಿಸಿದಳೆಂದರೆ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಕೈಕಟ್ಟಿ ಕೂರುತ್ತಿದ್ದವರೂ ಅವರೇ.

ಕೆಲಸದಲ್ಲಿ ಅವಳಿಗೆ ತಕರಾರಿರಲಿಲ್ಲ. ತಕರಾರಿದ್ದದ್ದು ದರ ಹೇಳುವುದರಲ್ಲಿ. ಆರಿಸಿದ ಕಲ್ಲು ಯಾರ ಕಣ್ಣಿಗೂ ಬೀಳುವುದಿಲ್ಲವಲ್ಲ. ನೀವೇನೂ ಸೇರಿಸಿಲ್ಲ, ಬರೀ ತೆಗೆದಿದ್ದೀರಿ, ತೆಗೆಯುವುದಕ್ಕೂ ದುಡ್ಡೇ ಎಂದು ಒಬ್ಬ. ನಮ್ಮ ಅಕ್ಕನ ಮಗನ ಫೋನಿನಲ್ಲಿ ಒಂದು ಗುಂಡಿ ಒತ್ತಿದರೆ ಇದೆಲ್ಲ ಆಗುತ್ತದಂತೆ ಎಂದು ಇನ್ನೊಬ್ಬ. ಹಾಗಿದ್ದರೆ ಆ ಅಕ್ಕನ ಮಗನ ಹತ್ತಿರವೇ ಹೋಗಬಹುದಿತ್ತಲ್ಲ ಎಂಬ ಮಾತು ಕಿವಿಯಕ್ಕನ ಗಂಟಲವರೆಗೆ ಬಂದು ಅಲ್ಲೇ ಕೂತುಬಿಡುತ್ತಿತ್ತು.

ಗಿರಾಕಿಗಳನ್ನಷ್ಟೇ ದೂರಿ ಫಲವಿಲ್ಲ. ಅವರು ಚೌಕಾಸಿಗೆ ಬಾಯಿ ತೆರೆಯುವ ಮುಂಚೆಯೇ ಇವಳು ಅದನ್ನು ಮುಗಿಸಿಕೊಡುತ್ತಿದ್ದಳು. ದರ ಹೇಳಿದ ಮೇಲೆ ಯಾರಾದರೂ ಒಂದು ಗಳಿಗೆ ಸುಮ್ಮನಾಗುವುದು ಸಹಜ. ದಿನವಿಡೀ ಮಾತಿನ ನಡುವಿನ ಖಾಲಿ ಜಾಗಗಳನ್ನು ಹುಡುಕಿ ಕತ್ತರಿಸುವವಳಿಗೆ ಆ ಒಂದು ಗಳಿಗೆಯನ್ನು ತಡೆಯಲು ಆಗುತ್ತಿರಲಿಲ್ಲ. ಸ್ವಲ್ಪ ಕಡಿಮೆ ಮಾಡಿಕೊಡುತ್ತೇನೆ ಎನ್ನುತ್ತಿದ್ದಳು. ಎದುರಿನವರು ಆಗಲೂ ಸುಮ್ಮನಿದ್ದರೆ, ಹೋಗಲಿ, ಅರ್ಧ ಕೊಡಿ ಎನ್ನುತ್ತಿದ್ದಳು.

ಮನೆಯ ಖರ್ಚು ಮಾತ್ರ ಅರ್ಧಕ್ಕೆ ಇಳಿಯುವಂಥದ್ದಲ್ಲ. ಗಂಡ ಕೆಟ್ಟವನಲ್ಲ, ಬಸ್ಸು ಓಡಿಸಿ ದಣಿದು ಬಂದವನು ಒಂದು ಸಂಜೆ ಹೆದರಿ ಹೆದರಿಯೇ ವಿಷಯ ತೆಗೆದ. ಪಕ್ಕದ ಟೈಲರ್ ಬಟ್ಟೆ ಗಂಟುಗಳನ್ನಿಡಲು ಆ ಕೋಣೆಯನ್ನು ಬಾಡಿಗೆಗೆ ಕೇಳುತ್ತಿದ್ದಾನೆ, ತಿಂಗಳ ಕೊನೆಯವರೆಗೆ ನೋಡೋಣ, ಆಮೇಲೆ ನೀನು ಹಜಾರದಲ್ಲೇ ಕೆಲಸ ಮಾಡಿಕೊಳ್ಳಬಹುದಲ್ಲ ಎಂದ. ಟಿವಿ, ಮಿಕ್ಸಿ, ಬೀದಿಯ ಹಾರ್ನು ಒಟ್ಟಿಗೆ ಮೊರೆಯುವ ಹಜಾರದಲ್ಲಿ ಕಿವಿಯ ಕೆಲಸ ಆಗದು. ಕೋಣೆ ಹೋದರೆ ಕಸುಬೂ ಹೋದಂತೆ ಎಂದು ಮೂವರಿಗೂ ಗೊತ್ತಿತ್ತು.

ಆ ವಾರವೇ ಜವಳಿ ಅಂಗಡಿಯವರು ಬಂದರು. ವರ್ಷಗಟ್ಟಲೆ ಅವರ ಜಾಹೀರಾತುಗಳನ್ನು ಅರ್ಧ ದರಕ್ಕೇ ತಿದ್ದಿಕೊಟ್ಟಿದ್ದಳು. ಈ ಸಲ ತಂದದ್ದು ಅವರ ಅಪ್ಪನ ಮಾತು. ಮುದುಕರಿಗೆ ಗಂಟಲಿನ ಆಪರೇಷನ್ ಆಗಿ ದನಿಯೇ ಹೋಗಿತ್ತು. ಆಪರೇಷನ್ನಿನ ಹಿಂದಿನ ದಿನ ಅವರನ್ನು ಅಂಗಡಿಯ ಒಳಕೋಣೆಯಲ್ಲಿ ಕೂರಿಸಿ, ಹೆಗಲ ಮೇಲೆ ಬಟ್ಟೆ ಗಂಟು ಹೊತ್ತು ವ್ಯಾಪಾರ ಶುರು ಮಾಡಿದ ಕಥೆಯನ್ನು ಮಗ ಫೋನಿನಲ್ಲಿ ಹಿಡಿದಿಟ್ಟಿದ್ದರು. ದೂರದ ಊರುಗಳಲ್ಲಿದ್ದ ತಂಗಿಯರಿಗೆ ಕಳಿಸಬೇಕಿತ್ತು. ಅದಕ್ಕೂ ದರ ಕೇಳಿ ಸುಮ್ಮನಾದರು, ಇವಳೂ ಎಂದಿನಂತೆ ಅರ್ಧಕ್ಕೆ ಇಳಿದಳು.

ಅವರು ಮೆಟ್ಟಿಲಿಳಿಯುವುದನ್ನೇ ಕಾಯುತ್ತಿದ್ದವರಂತೆ ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು.

“ಅವರು ಕಮ್ಮಿ ಮಾಡು ಅಂದ್ರೇನೇ?”

“ಇಲ್ಲ ಅತ್ತೆ. ಆದ್ರೆ ಸುಮ್ಮನಾಗಿಬಿಟ್ರಲ್ಲ.”

“ಉಸಿರು ಎಳ್ಕೊಂಡ್ರು ಕಣೇ. ಮನುಷ್ಯ ಅಂದ್ಮೇಲೆ ಉಸಿರಾಡಲ್ವಾ? ಅವರು ಉಸಿರಾಡಿದಾಗಲೆಲ್ಲ ನೀನು ದುಡ್ಡು ಬಿಡ್ತಾ ಹೋದ್ರೆ, ಅವರಿಗೆ ದಮ್ಮು ಬಂದ ದಿನ ಮನೇನೇ ಬರ್ಕೊಡ್ತೀಯ.”

ಸುಮ್ಮನಿರುವ ಅತ್ತೆಯ ವಿದ್ಯೆಗೆ ಬೀದಿಯ ತರಕಾರಿ ಗಾಡಿಗಳೆಲ್ಲ ನಡುಗುತ್ತಿದ್ದವು. ತಮ್ಮ ಬೆಲೆ ಹೇಳಿ, ತುಟಿ ಪಿಟಕ್ಕೆನ್ನದೆ, ಎದುರಿನ ವಿದ್ಯುತ್ ಕಂಬವನ್ನು ಈಗಷ್ಟೇ ನೆಟ್ಟಂತೆ ನೋಡುತ್ತ ನಿಲ್ಲುತ್ತಿದ್ದರು. ಗಾಡಿಯವನೇ ಕೊನೆಗೆ ಬೆವರು ಒರೆಸಿಕೊಂಡು ತಕ್ಕಡಿ ಎತ್ತುತ್ತಿದ್ದ. ಹಾಗೆ ಸುಮ್ಮನೆ ನಿಲ್ಲುವಾಗ ಏನು ಮಾಡುತ್ತೀರಿ ಎಂದು ಸೊಸೆ ಕೇಳಿದಳು. ಏನೂ ಮಾಡುವುದಿಲ್ಲ, ಅದಕ್ಕೇ ಅದು ಕಷ್ಟ ಎಂದರು ಅತ್ತೆ.

ಅರ್ಧ ದರದ ಕೆಲಸವೆಂದು ಕಿವಿಯಕ್ಕ ಅರ್ಧ ಮನಸ್ಸಿನಿಂದ ಮಾಡುವವಳಲ್ಲ. ಫ್ಯಾನಿನ ಗುಂಯ್ ತೆಗೆದಳು, ಬೀದಿಯ ಸದ್ದು ತೆಗೆದಳು, ಮಾತಿನ ನಡುವಿನ ಉದ್ದುದ್ದ ಖಾಲಿಗಳನ್ನು ಕತ್ತರಿಸಿ, ತುದಿಗೆ ತುದಿ ಕೂಡಿಸಿದಳು. ಮುದುಕರ ಕಥೆ ಸರಾಗವಾಗಿ ಹರಿಯಿತು.

ಎರಡು ದಿನ ಕಳೆದು ಅಂಗಡಿಯವರು ಅಪ್ಪನನ್ನೇ ಕರೆದುಕೊಂಡು ಬಂದರು. ಜಗಳಕ್ಕಲ್ಲ. ಅಪ್ಪ ಕೇಳಿಸಿಕೊಂಡು ತಲೆ ಅಡ್ಡಡ್ಡ ಆಡಿಸುತ್ತಿದ್ದಾರೆ, ಏನೆಂದು ನಮಗೂ ತಿಳಿಯುತ್ತಿಲ್ಲ ಎಂದರು. ಕಿವಿಯಕ್ಕ ಮುದುಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲಿನಿಂದ ಕೇಳಿಸಿದಳು. ಕಥೆ ಮದುವೆಯ ಹತ್ತಿರ ಬಂತು. “ಬಟ್ಟೆ ಗಂಟು ಬಿಟ್ರೆ ನನ್ನ ಹತ್ರ ಏನೂ ಇಲ್ಲ, ನನ್ನ ಮದುವೆಯಾಗ್ತೀಯಾ ಅಂತ ನಿಮ್ಮಮ್ಮನ್ನ ಕೇಳ್ದೆ. ಹೂಂ ಅಂದ್ಳು.” ಅಲ್ಲಿಗೆ ಮುದುಕರ ಬೆರಳು ಮೇಲೆದ್ದಿತು. ಅವಳು ನಿಲ್ಲಿಸಿದಳು. ಅವರು ಗಲ್ಲದ ಮೇಲೆ ಕೈಯಿಟ್ಟು, ಕಿಟಕಿಯ ಕಡೆ ಮುಖ ತಿರುಗಿಸಿ, ಬಹಳ ಹೊತ್ತು ಏನೋ ಯೋಚಿಸುವ ಹೆಂಗಸಿನಂತೆ ಕೂತರು. ಆಮೇಲೆ ನಿಧಾನವಾಗಿ, ಕಂಡೂ ಕಾಣದ ಹಾಗೆ ತಲೆಯಾಡಿಸಿದರು.

ಕಿವಿಯಕ್ಕ ನಾಲಿಗೆ ಕಚ್ಚಿಕೊಂಡಳು. ಆ ಖಾಲಿ ಜಾಗ ಮುದುಕರದ್ದಾಗಿರಲಿಲ್ಲ, ತೀರಿಹೋದ ಅವರ ಹೆಂಡತಿಯದ್ದು. ಆಕೆ ಯೋಚಿಸಿದಷ್ಟೂ ಹೊತ್ತನ್ನು ಮುದುಕರು ಇಷ್ಟು ವರ್ಷ ಜೋಪಾನವಾಗಿಟ್ಟುಕೊಂಡು, ಕಥೆ ಹೇಳುವಾಗಲೆಲ್ಲ ಹಾಗೇ ಬಿಡುತ್ತಿದ್ದರು. ಇವಳು ಕತ್ತರಿ ಹಾಕಿ ಆ ಹೆಂಗಸನ್ನು ಕೇಳಿದ ತಕ್ಷಣ ಒಪ್ಪಿಸಿಬಿಟ್ಟಿದ್ದಳು.

ಮತ್ತೆ ಮಾಡುತ್ತೇನೆ, ತಿದ್ದುವುದಲ್ಲ, ಬುಡದಿಂದ ಮಾಡುತ್ತೇನೆ ಎಂದಳು. ಮೂಲ ಧ್ವನಿ ಅವಳ ಹತ್ತಿರವೇ ಇತ್ತು. ಅದನ್ನು ಹಾಗೇ ಕೊಟ್ಟರೆ ಫ್ಯಾನಿನ ಮೊರೆತದಲ್ಲಿ ಮುದುಕರ ಮೆಲುಮಾತು ಮುಳುಗುತ್ತಿತ್ತು. ಸದ್ದನ್ನೆಲ್ಲ ಒರೆಸಿ ಬರೀ ಖಾಲಿ ತುಂಬಿದರೆ ಕಿವಿಗೆ ಹತ್ತಿ ತುರುಕಿದಂತಾಗುತ್ತಿತ್ತು. ಅದಕ್ಕೆ ಆ ಒಳಕೋಣೆಯ ಗಾಳಿಯನ್ನು, ಎಲ್ಲೋ ದೂರದ ಸೈಕಲ್ ಬೆಲ್ಲನ್ನು, ಮುದುಕರು ಉಗುಳು ನುಂಗಿದ್ದನ್ನು ಎಳೆ ಎಳೆಯಾಗಿ ಬಿಡಿಸಿ, ತಗ್ಗಿಸಿ, ಇದ್ದ ಜಾಗದಲ್ಲೇ ಕೂರಿಸಿದಳು. ಆ ವಾರ ಮನೆಯಲ್ಲಿ ಮಿಕ್ಸಿ ತಿರುಗಲಿಲ್ಲ. ಅತ್ತೆ ಒರಳಿನಲ್ಲೇ ಅರೆದರು, ಅದೂ ಹಿತ್ತಿಲಿಗೆ ಹೋಗಿ.

ಅಪ್ಪ ಮಗ ಮತ್ತೆ ಬಂದರು. ಮುದುಕರು ಕಣ್ಣು ಮುಚ್ಚಿ ಕೇಳಿದರು. ಹೆಂಡತಿ ಯೋಚಿಸುವ ಜಾಗ ಬಂದಾಗ ಅವರ ಮುಖದಲ್ಲಿ ಹುಡುಗನೊಬ್ಬ ಉತ್ತರಕ್ಕೆ ಕಾಯುತ್ತ ನಿಂತಿದ್ದ. ಹೂಂ ಅಂದಳು ಎಂಬಲ್ಲಿ ಮುದುಕರು ಸದ್ದಿಲ್ಲದೆ ನಕ್ಕರು. ಮಗ ಗೋಡೆಯ ಹಾಸಿಗೆಯ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ಆಮೇಲೆ, ಏನಮ್ಮಾ, ಎಷ್ಟು ಕೊಡಬೇಕು ಎಂದರು. ಮೊದಲ ಸಲದ್ದು ನನ್ನ ತಪ್ಪು, ಅದಕ್ಕೆ ಏನೂ ಬೇಡ ಎಂದು ಕಿವಿಯಕ್ಕ ಈ ಸಲದ್ದರ ಪೂರಾ ದರ ಹೇಳಿದಳು.

ಅಂಗಡಿಯವರು ಸುಮ್ಮನಾದರು.

ಕಡಿಮೆ ಮಾಡಿಕೊಡುತ್ತೇನೆ ಎಂಬ ಮಾತು ಕಿವಿಯಕ್ಕನ ನಾಲಿಗೆಯ ತುದಿಗೆ ಬಂದು ನಿಂತಿತು. ಬಾಗಿಲ ಆಚೆ ಅತ್ತೆ ಇದ್ದದ್ದು ಅವಳಿಗೆ ಕೇಳಿಸುತ್ತಿತ್ತು, ಸ್ವಲ್ಪ ಗೊರಗೊರ ಎನ್ನುವ ಅವರ ಉಸಿರು. ಹೆಡ್‌ಫೋನಿನಲ್ಲಿ ಕೇಳುವಂತೆ ಅದನ್ನೇ ಹಿಡಿದು ಕೂತಳು. ಒಳಗೆ ಹೋಯಿತು, ಹೊರಗೆ ಬಂತು. ಮತ್ತೆ ಒಳಗೆ ಹೋಯಿತು.

ಮುದುಕರು ಒಮ್ಮೆ ಅವಳನ್ನೂ ಒಮ್ಮೆ ಮಗನನ್ನೂ ನೋಡಿದರು. ಮಗನ ಮೊಣಕೈ ತಿವಿದು, ಗಲ್ಲದ ಮೇಲೆ ಕೈಯಿಟ್ಟು ಕಿಟಕಿಯ ಕಡೆ ಮುಖ ತಿರುಗಿಸಿ ತೋರಿಸಿದರು. ಮಗನಿಗೆ ನಗು ತಡೆಯಲಿಲ್ಲ.

“ಆಯ್ತಪ್ಪ, ಆಯ್ತು. ಅಮ್ಮನಷ್ಟು ಹೊತ್ತು ಕಾಯಿಸಲ್ಲ” ಎಂದು ಜೇಬಿಗೆ ಕೈ ಹಾಕಿದರು. ಹೋಗುವಾಗ, ಇನ್ನು ಮೇಲೆ ಅಂಗಡಿಯ ಜಾಹೀರಾತಿಗೂ ಇದೇ ದರವೇ ಎಂದು ಕೇಳಿದರು. ಕಿವಿಯಕ್ಕ ಹೂಂ ಎಂದಳು.

ಸಂಜೆ ಸುದ್ದಿ ಕೇಳಿದ ಗಂಡ ಬಟ್ಟೆ ಬದಲಿಸುವುದಕ್ಕೂ ಮೊದಲು ಟೈಲರ್ ಅಂಗಡಿಗೆ ಹೋಗಿ ಬಂದ. ಕೋಣೆ ಖಾಲಿ ಇಲ್ಲ ಎಂದು ಹೇಳಿದೆ ಎಂದಷ್ಟೇ ಹೇಳಿ ಕಾಲು ತೊಳೆಯಲು ಹೋದ.

ಅತ್ತೆಗೆ ಒಂದೇ ಕುತೂಹಲ. “ಅಷ್ಟು ಹೊತ್ತು ಹೇಗೇ ತಡ್ಕೊಂಡೆ?”

“ನಿಮ್ಮ ಉಸಿರು ಕೇಳ್ತಾ ಕೂತಿದ್ದೆ ಅತ್ತೆ.”

ಎಂಥ ಮಾತಿಗೂ ಮಾರುತ್ತರ ಇಟ್ಟುಕೊಂಡಿರುತ್ತಿದ್ದ ಅತ್ತೆಗೆ ಅಂದು ಏನೂ ಹೊಳೆಯಲಿಲ್ಲ. ಸೊಸೆಯೂ ಆ ಜಾಗವನ್ನು ತುಂಬಲು ಹೋಗಲಿಲ್ಲ. ಬೀದಿಯಲ್ಲಿ ತರಕಾರಿ ಗಾಡಿಯವನು ಕೂಗಿದಾಗ ಮಾತ್ರ ಅತ್ತೆ ಚೀಲ ಹುಡುಕುತ್ತ ಎದ್ದರು.