ಚಹಾಕ್ಕೂ ಓಟು ಹಾಕಿಸುತ್ತಿದ್ದ ಲಿಲ್ಲಿ ಬಾಯಿ

ಚಹಾಕ್ಕೆ ನೀರಿಡುವ ಮೊದಲು ಲಿಲ್ಲಿ ಬಾಯಿ ಓಟು ಹಾಕಿಸುತ್ತಿದ್ದರು. ನೈಟಿಯ ಮೇಲೆ ಹೆಗಲಿಗೊಂದು ಮುಖ ಒರೆಸುವ ಬೈರಾಸು ಹಾಕಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಚಹಾ ಯಾರಿಗೆಲ್ಲ ಬೇಕು, ಕೈ ಎತ್ತಿ" ಎನ್ನುವರು. ನಾವು ಹಾಸಿಗೆಯಲ್ಲಿ ಬಿದ್ದುಕೊಂಡಿದ್ದರೂ ಸರಿಯೇ, ಕೈ ಮೇಲೆ ಹೋಗಬೇಕು. "ಹೂಂ, ನನಗೊಂದು" ಎಂದು ಗೊಣಗಿದರೆ ಅದು ಲೆಕ್ಕಕ್ಕಿಲ್ಲ. ನಮ್ಮ ಜೊತೆಗಿದ್ದ ಶಕೀಲಾ ಜನ್ಮದಲ್ಲಿ ಚಹಾ ಕುಡಿದವಳಲ್ಲ. ಆದರೂ ಪ್ರತಿ ದಿನ ಅವಳ ಕಡೆ ನೋಡಿ, ಕೈ ಏಳುತ್ತದೋ ಎಂದು ಕಾದು, ಆಮೇಲೆಯೇ ಒಲೆ ಹಚ್ಚುತ್ತಿದ್ದರು. ಅವಳಿಗೆ ಬೇಡವೆಂದು ಗೊತ್ತಿದ್ದೂ ಯಾಕೆ ಕೇಳುತ್ತೀರಿ ಎಂದು ನಾನೊಮ್ಮೆ ನಕ್ಕಿದ್ದಕ್ಕೆ ಸಿಟ್ಟೇ ಬಂದಿತ್ತು. "ಬೇಡ ಅನ್ನುವುದೂ ಅವಳ ಹಕ್ಕು ಮಾರಾಯ್ತಿ. ಅದನ್ನು ಅವಳೇ ಹೇಳ್ಬೇಕು, ನೀನಲ್ಲ" ಎಂದಿದ್ದರು.

ಈಗ ನಾನು ದುಬೈಯ ಸಿಲಿಕಾನ್ ಓಯಸಿಸ್‌ನಲ್ಲಿ ಗಂಡ, ಮಗಳ ಜೊತೆ ಇದ್ದೇನೆ. ಗಂಡ ಚಹಾ ಬೇಕಾ ಎಂದು ಕೇಳಿದರೆ ನನ್ನ ಕೈ ತಾನಾಗಿ ಮೇಲೆ ಹೋಗುತ್ತದೆ. ಮಗಳು "ಅಮ್ಮಾ, ದಿಸ್ ಈಸ್ ನಾಟ್ ಎ ಕ್ಲಾಸ್‌ರೂಮ್" ಎಂದು ನಗುತ್ತಾಳೆ. ಕ್ಲಾಸ್‌ರೂಮೇ ಮಗಳೇ, ನಿನಗೇನು ಗೊತ್ತು.

ಹದಿನೈದು ವರ್ಷಗಳ ಹಿಂದಿನ ಮಾತು. ಅಲ್ ಮುರಕ್ಕಬಾತ್‌ನ ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಫ್ಲ್ಯಾಟು, ಐದು ಹೆಂಗಸರು. ಒಬ್ಬೊಬ್ಬರಿಗೆ ಒಂದೊಂದು ಮಂಚ, ಅದಕ್ಕೆ ಇಲ್ಲಿ ಬೆಡ್‌ಸ್ಪೇಸ್ ಎನ್ನುತ್ತಾರೆ. ಕಾಪುವಿನ ವನಜಕ್ಕ ಹೋಟೆಲೊಂದರಲ್ಲಿ ಕೋಣೆ ಚೊಕ್ಕ ಮಾಡುವವರ ಮೇಲ್ವಿಚಾರಕಿ. ಗ್ರೇಟಾ ಹಲ್ಲಿನ ಡಾಕ್ಟರ ಕ್ಲಿನಿಕ್‌ನಲ್ಲಿ ರಿಸೆಪ್ಶನಿಸ್ಟ್. ಮಂಗಳೂರಿನ ಶಕೀಲಾ ಬ್ಯೂಟಿ ಪಾರ್ಲರಿನವಳು. ಕಾರ್ಕಳದ ಕಡೆಯ ನಾನು, ಜಯಂತಿ, ಕಾರ್ಗೋ ಆಫೀಸಿಗೆ ಆಗಷ್ಟೇ ಸೇರಿದವಳು. ಲಿಲ್ಲಿ ಬಾಯಿ ಶಂಕರಪುರದವರು, ನೈಫ್ ಪೇಟೆಯ ಹಾರ್ಡ್‌ವೇರ್ ವ್ಯಾಪಾರದ ಆಫೀಸಿನಲ್ಲಿ ಅಕೌಂಟ್ಸ್ ನೋಡುತ್ತಿದ್ದರು. ಮದುವೆಯಾದವರಲ್ಲ. ನಮ್ಮ ಕರಾವಳಿಯ ಕೊಂಕಣಿ ಕ್ರೈಸ್ತರಲ್ಲಿ ಹಿರಿಯ ಹೆಂಗಸರನ್ನು 'ಬಾಯಿ' ಎನ್ನುವುದು ರೂಢಿ, ಹಾಗಾಗಿ ನಮಗೆಲ್ಲ ಅವರು ಲಿಲ್ಲಿ ಬಾಯಿ. ನಮ್ಮೊಳಗೆ ತುಳು, ಕೊಂಕಣಿ, ಬ್ಯಾರಿ ಎಂದು ಮೂರು ಮನೆಮಾತುಗಳಿದ್ದವು. ಜಗಳವಾಡಲು ಎಲ್ಲರಿಗೂ ಸಮಾನವಾಗಿ ಒದಗುತ್ತಿದ್ದುದು ಕನ್ನಡ.

ದುಬೈಗೆ ಬರುವ ಮುಂಚೆ ಅವರು ಊರಿನ ಹೈಸ್ಕೂಲಿನಲ್ಲಿ ತಾತ್ಕಾಲಿಕ ಟೀಚರಾಗಿ ಪೌರನೀತಿ ಪಾಠ ಮಾಡಿದ್ದರಂತೆ. ಕೆಲಸ ಖಾಯಂ ಆಗಲಿಲ್ಲ, ಪಾಠ ಮಾತ್ರ ಖಾಯಂ ಆಯಿತು. ಫ್ಲ್ಯಾಟಿಗೆ ಹೊಸಬರು ಬಂದರೆ ಮೊದಲ ಶುಕ್ರವಾರ, ವಾರದ ರಜೆಯ ದಿನ, ಊಟದ ಮೇಜಿನಲ್ಲಿ ಕೂರಿಸಿ ಹಕ್ಕು, ಕರ್ತವ್ಯಗಳನ್ನು ತಿಳಿಸಿಬಿಡುವರು. ವಾಕ್ ಸ್ವಾತಂತ್ರ್ಯ ಎಲ್ಲರಿಗೂ ಉಂಟು, ಆದರೆ ಊರಿಗೆ ಫೋನು ಮಾಡುವಾಗ ಬಾಲ್ಕನಿಗೆ ಹೋಗಬೇಕು. ಧರ್ಮದ ಸ್ವಾತಂತ್ರ್ಯ ಉಂಟು, ಯಾರು ಪ್ರಾರ್ಥನೆಗೆ ಕುಳಿತರೂ ಟಿವಿಯ ಸದ್ದು ತಗ್ಗಬೇಕು. ಶೋಷಣೆಯ ವಿರುದ್ಧದ ಹಕ್ಕೆಂದರೆ ಒಬ್ಬರು ತಿಂದ ತಟ್ಟೆಯನ್ನು ಇನ್ನೊಬ್ಬರು ತೊಳೆಯತಕ್ಕದ್ದಲ್ಲ. ಒಣ ಮೀನು ಹುರಿಯುವ ಹಕ್ಕು ಶುಕ್ರವಾರ ಮಾತ್ರ, ಅದೂ ಕಿಟಕಿ ತೆರೆದಿಟ್ಟು. ಇದನ್ನೆಲ್ಲ ಎಲ್ಲಾದರೂ ಬರೆದು ಅಂಟಿಸಬಾರದೇ ಎಂದರೆ, ಗೋಡೆಗೆ ಅಂಟಿಸಿದ್ದನ್ನು ಮರುದಿನದಿಂದ ಯಾರೂ ಓದುವುದಿಲ್ಲ ಎನ್ನುವರು. ಭಾರತದ ಸಂವಿಧಾನ ಈ ದೇಶದಲ್ಲಿ ಹೇಗೆ ನಡೆಯುತ್ತದೆ ಎಂದು ನಾನು ಮೊದಲ ದಿನವೇ ಜಾಣತನ ತೋರಿಸಿದ್ದೆ. "ಬಾಗಿಲಿನ ಹೊರಗೆ ಇಲ್ಲಿಯ ಕಾನೂನು, ಒಂದು ಚೂರೂ ತಪ್ಪಬಾರದು. ಒಳಗೆ ಬಂದು ಚಪ್ಪಲಿ ಬಿಟ್ಟ ಮೇಲೆ ನಮ್ಮದು" ಎಂದರು. ಅಲ್ಲಿಗೆ ಖಲಾಸ್.

ಕರ್ತವ್ಯಗಳಲ್ಲಿ ವನಜಕ್ಕನಿಗೆ ಆಗಿಬರದಿದ್ದದ್ದು ವೈಜ್ಞಾನಿಕ ಮನೋಭಾವ. ಗ್ರೇಟಾಳ ನಿಶ್ಚಿತಾರ್ಥದ ಸುದ್ದಿ ಬಂದ ದಿನ ಅವಳಿಗೆ ದೃಷ್ಟಿಯಾಗಿದೆ ಎಂದು ವನಜಕ್ಕ ಉಪ್ಪು, ಮೆಣಸು ನಿವಾಳಿಸಿ ಒಲೆಗೆ ಹಾಕಿದರು. ಹೊಗೆ ಎದ್ದು, ಅಲಾರಂ ಹೊಡೆದುಕೊಂಡು, ಇಡೀ ಕಟ್ಟಡ ಮೆಟ್ಟಿಲಿಳಿದು ರಸ್ತೆಗೆ ಬಂತು. ಫಿಲಿಪಿನೋಗಳು, ಪಠಾಣರು, ಈಜಿಪ್ಟಿನ ಒಂದು ಸಂಸಾರ, ಎಲ್ಲರೂ ಕೆಮ್ಮುತ್ತಾ ನಿಂತಿದ್ದಾರೆ. ಅವರ ನಡುವೆ ನೈಟಿ, ಬೈರಾಸಿನಲ್ಲಿ ನಿಂತು ಲಿಲ್ಲಿ ಬಾಯಿ ವನಜಕ್ಕನಿಗೆ ಮೂಲಭೂತ ಕರ್ತವ್ಯಗಳ ಪಾಠ ಮಾಡುತ್ತಿದ್ದಾರೆ! ವನಜಕ್ಕ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿ, "ಆದ್ರೂ ಬಾಯಿ, ಎಷ್ಟು ಘಾಟು ಬಂತು ನೋಡಿ, ದೃಷ್ಟಿ ಇದ್ದದ್ದು ಹೌದು" ಎಂದರು.

ನಾನು ಬಂದು ಎರಡು ತಿಂಗಳಾಗಿರಲಿಲ್ಲ, ಮೈಯಲ್ಲಿ ಬೊಕ್ಕೆ ಎದ್ದಿತು. ಚಿಕನ್ ಪಾಕ್ಸ್, ನಮ್ಮ ಸೀತಾಳೆ ಸಿಡುಬು. ಡಾಕ್ಟರು ಮಾತ್ರೆ ಕೊಟ್ಟು, ಹೊರಗೆ ಎಲ್ಲೂ ತಿರುಗಬೇಡ, ಹುಣ್ಣು ಒಣಗುವವರೆಗೆ ಮನೆಯಲ್ಲೇ ಇರು ಎಂದರು. ಮನೆ ಎಂದರೆ ನನಗೆ ಆ ಒಂದು ಮಂಚ. ಈ ಊರಿನಲ್ಲಿ ನನ್ನವರೆಂಬ ಒಬ್ಬರೂ ಇರಲಿಲ್ಲ. ಕೆಲಸವಿನ್ನೂ ಪ್ರೊಬೇಷನ್ನಿನಲ್ಲಿತ್ತು. ಆ ಸಂಜೆ ವನಜಕ್ಕ ಮೇಜಿನ ಸುತ್ತ ಸಭೆ ಕರೆದರು. ನಾನು ಕೋಣೆಯ ಹೊಸ್ತಿಲಲ್ಲೇ ಮುಖಕ್ಕೆ ದುಪ್ಪಟ್ಟಾ ಮುಚ್ಚಿಕೊಂಡು ಕೂತೆ.

ವನಜಕ್ಕ ಕೆಟ್ಟವರಲ್ಲ. ಮೈಮೇಲೆ ಒಂದು ಗುಳ್ಳೆ ಕಂಡರೂ ಹೋಟೆಲಿನವರು ಮನೆಗೆ ಕಳಿಸುತ್ತಾರೆ, ಊರಿನಲ್ಲಿ ಮಗಳು ನರ್ಸಿಂಗ್ ಓದುತ್ತಿದ್ದಾಳೆ, ತನಗೂ ಹೊಟ್ಟೆ ಉಂಟು ಎಂದರು. ಶಕೀಲಾಳದೂ ದಿನವಿಡೀ ಜನರ ಮುಖ ಮುಟ್ಟುವ ಕೆಲಸ. ಜಯಂತಿ ಬೇರೆ ಎಲ್ಲಾದರೂ ಹೋಗಲಿ ಎನ್ನುವುದು ಮೂವರ ಮಾತು. ಎಲ್ಲಿಗೆ ಎಂದು ಯಾರೂ ಹೇಳಲಿಲ್ಲ. ಲಿಲ್ಲಿ ಬಾಯಿ ಎಲ್ಲವನ್ನೂ ಕೇಳಿಸಿಕೊಂಡು, ಹೊರಗೆ ಹಾಕುವುದಿದ್ದರೆ ಮೊದಲು ಅವಳ ಮಾತನ್ನೂ ಕೇಳಬೇಕು ಎಂದು ನನ್ನ ಕಡೆ ತಿರುಗಿದರು. "ನನಗೆ ಇಲ್ಲಿ ಯಾರೂ ಇಲ್ಲ" ಎಂದೆ, ಅಷ್ಟೇ. ಆಮೇಲೆ ಅವರು ಎಂದಿನಂತೆ, ಇವಳು ಹೋಗಬೇಕು ಎನ್ನುವವರು ಕೈ ಎತ್ತಿ ಎಂದರು. ಮೂರು ಕೈ ಎದ್ದವು. ಐವರಲ್ಲಿ ಮೂವರು. ನನ್ನ ಕಥೆ ಮುಗಿಯಿತು ಎಂದುಕೊಂಡು ಗೋಡೆಗೆ ಒರಗಿದೆ.

"ಮೂರು. ಬಹುಮತ ಆಯ್ತು" ಎಂದರು ಲಿಲ್ಲಿ ಬಾಯಿ. "ಆದ್ರೆ ಇದು ಬಹುಮತದ ವಿಷಯ ಅಲ್ಲ. ಟಿವಿಯಲ್ಲಿ ಯಾವ ಚಾನೆಲ್ ಅಂತ ಓಟು ಹಾಕ್ಬಹುದು. ಒಬ್ಬಳನ್ನು ಬೀದಿಗೆ ಹಾಕ್ಲಿಕ್ಕೆ ಓಟು ಇಲ್ಲ. ಮೂರು ಜನ ಅಲ್ಲ, ಐನೂರು ಜನ ಕೈ ಎತ್ತಿದ್ರೂ ಒಬ್ಬಳ ಹಕ್ಕು ಹೋಗುವುದಿಲ್ಲ."

ವನಜಕ್ಕ ಕೆಂಡವಾದರು. "ಮತ್ತೆ ಓಟು ಹಾಕಿಸಿದ್ದು ಎಂತಕ್ಕೆ?"

"ಯಾರಿಗೆ ಎಷ್ಟು ಹೆದರಿಕೆ ಉಂಟು ಅಂತ ಗೊತ್ತಾಗ್ಬೇಕಲ್ಲ."

ಅದಾದ ಮೇಲೆ ಅವರು ಹಕ್ಕಿನ ಮಾತು ಬಿಟ್ಟು ಕರ್ತವ್ಯಕ್ಕೆ ಬಂದರು. ಒಮ್ಮೆ ಬಂದವರಿಗೆ ಇದು ಸಾಮಾನ್ಯವಾಗಿ ಇನ್ನೊಮ್ಮೆ ಬರುವುದಿಲ್ಲ, ಹಾಗಾಗಿ ಸಣ್ಣದಿರುವಾಗ ಯಾರಿಗೆ ಬಂದಿದೆಯೋ ಅವರು ಕೈ ಎತ್ತಿ ಎಂದು ತಾವೇ ಮೊದಲು ಕೈ ಎತ್ತಿದರು. ಗ್ರೇಟಾ, ಶಕೀಲಾ ಎತ್ತಲಿಲ್ಲ. ಅವರಿಬ್ಬರೂ ಆಚೆ ಕೋಣೆಗೆ ಎಂದಾಯಿತು. ಲಿಲ್ಲಿ ಬಾಯಿಯ ಕೈ ಮಾತ್ರ ಇಳಿಯಲಿಲ್ಲ. ಅವರು ವನಜಕ್ಕನ ಮೂಗಿನ ಬದಿಯ ಹಳೆಯ ಬೊಕ್ಕೆಯ ಗುಳಿಯನ್ನೇ ನೋಡುತ್ತಾ ಕೂತರು. ವನಜಕ್ಕ ಮೂಗು ಮುಟ್ಟಿ ನೋಡಿಕೊಂಡರು, ಕಿಟಕಿಯ ಕಡೆ ನೋಡಿದರು, ಕೊನೆಗೆ ಅರ್ಧ ಕೈ ಎತ್ತಿದರು.

ಎತ್ತಿದ್ದೇ ಎತ್ತಿದ್ದು, ವನಜಕ್ಕ ನೋಡಿಕೊಂಡ ಹಾಗೆ ನನ್ನ ಅಮ್ಮನೂ ನೋಡಿಕೊಳ್ಳುತ್ತಿದ್ದಳೋ ಇಲ್ಲವೋ. ಗಂಜಿ ಬೇಯಿಸಿ ಕೊಟ್ಟರು, ಉಗುರು ಕತ್ತರಿಸಿದರು, ಕೆರೆದುಕೊಂಡರೆ ಬೈದರು. ಬೇವಿನೆಲೆ ಬೇಕೆಂದು ಹಟ ಹಿಡಿದರು. ನಮ್ಮ ಬೀದಿಯ ಬದಿಯಲ್ಲೇ ಬೇವಿನ ಮರಗಳಿವೆ, ಕಿತ್ತರಾಯಿತಲ್ಲ? ಆಗಲಿಕ್ಕಿಲ್ಲ, ಅದು ಸಾರ್ವಜನಿಕ ಆಸ್ತಿ ಎಂದರು ಲಿಲ್ಲಿ ಬಾಯಿ. ಮರ ಸವರಲು ಬರುವ ಬಂಗಾಳಿ ಮಾಲಿಯನ್ನು ಕಾದು, ಅವನಿಗೆ ಹಿಂದಿಯಲ್ಲಿ ನನ್ನ ರೋಗದ ಪೂರ್ತಿ ವರದಿ ಒಪ್ಪಿಸಿ, ಅವನು ಕಡಿದುಹಾಕಿದ ಗೆಲ್ಲುಗಳನ್ನು ತಂದರು.

ನನ್ನ ಹುಣ್ಣು ಒಣಗಿ ನಾನು ಕೆಲಸಕ್ಕೆ ಹೋಗತೊಡಗಿದೆ. ಆ ವಾರವೇ ಒಂದು ಬೆಳಿಗ್ಗೆ ಲಿಲ್ಲಿ ಬಾಯಿ ಚಹಾದ ಓಟಿಗೆ ಏಳಲಿಲ್ಲ. ಹೋಗಿ ನೋಡಿದರೆ ಜ್ವರ, ಮುಖದ ತುಂಬಾ ಬೊಕ್ಕೆ. ವನಜಕ್ಕ ಸೊಂಟದ ಮೇಲೆ ಕೈಯಿಟ್ಟು ಅವರನ್ನು ನೋಡಿಯೇ ನೋಡಿದರು.

"ಸಣ್ಣದಿರುವಾಗ ಬಂದಿದೆ ಅಂತ ಕೈ ಎತ್ತಿದ್ರಲ್ಲ ಬಾಯಿ?"

"ಬಂದಿರ್ಬೇಕು ಅಂದುಕೊಂಡೆ" ಎಂದು ಲಿಲ್ಲಿ ಬಾಯಿ ಗೋಡೆಯ ಕಡೆ ತಿರುಗಿ ಮಲಗಿದರು.

ಐವತ್ತು ದಾಟಿದ ಮೈಗೆ ಅದು ಸುಲಭದ ರೋಗವಲ್ಲ. ಬಹಳ ನರಳಿದರು. ನಾನು ಹತ್ತಿರ ಕೂತು ಬೇವಿನೆಲೆಯಲ್ಲಿ ಬೆನ್ನು ಸವರುವಾಗ, ನನಗಾಗಿ ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ. ನಾನು ಎತ್ತದಿದ್ದರೆ ವನಜ ಎತ್ತುತ್ತಿದ್ದಳಾ, ಎಂದರು. ಅವರನ್ನು ನಾನು ಪ್ರೀತಿಸತೊಡಗಿದ್ದು ಆವತ್ತಿನಿಂದ. ಅದಕ್ಕೆ ಮುಂಚೆ ತಮಾಷೆಯ ಹೆಂಗಸು ಎಂದುಕೊಂಡಿದ್ದೆ, ಅಷ್ಟೇ.

ಗುಣವಾದ ಮೇಲೆ ಅವರೇ ಮೇಜಿನ ಮುಂದೆ ಕೂತು, ಸುಳ್ಳು ಕೈ ಎತ್ತಿದ್ದಕ್ಕೆ ಶಿಕ್ಷೆ ಹೇಳಿ ಎಂದರು. ನಾವು ಮೂವರು ಬೇಡ ಬೇಡ ಎಂದೆವು. ವನಜಕ್ಕ ಬಿಡಬೇಕಲ್ಲ? ಒಂದು ತಿಂಗಳು ಬಾಯಿಗೆ ಓಟಿಲ್ಲ, ಯಾವುದಕ್ಕೂ ಕೈ ಎತ್ತುವ ಹಾಗಿಲ್ಲ, ಚಹಾ ಕೊಟ್ಟರೆ ಕುಡಿಯಬೇಕು ಎಂದು ತೀರ್ಪು ಕೊಟ್ಟರು. ಲಿಲ್ಲಿ ಬಾಯಿ ಒಪ್ಪಿದರು. ಆ ತಿಂಗಳು ವನಜಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೈ ಎಣಿಸುವಾಗಲೆಲ್ಲ ಲಿಲ್ಲಿ ಬಾಯಿಯ ಕೈ ಮಡಿಲಿನಿಂದ ಸ್ವಲ್ಪ ಎದ್ದು ಮತ್ತೆ ಕೆಳಗಿಳಿಯುತ್ತಿತ್ತು. ನಮಗೆ ನಗು ಬರುತ್ತಿತ್ತು. ಒಂದು ದಿನ ನಾನು ನಗುವುದನ್ನು ಕಂಡು ಅವರು ಮೆಲ್ಲಗೆ ಒಂದು ಮಾತು ಹೇಳಿದರು. ಊರು ಬಿಟ್ಟ ಮೇಲೆ ಅವರು ಒಂದು ಚುನಾವಣೆಯಲ್ಲೂ ಓಟು ಹಾಕಿರಲಿಲ್ಲವಂತೆ. ಅವರ ರಜೆ ಯಾವಾಗಲೂ ಕ್ರಿಸ್ಮಸ್ಸಿಗೆ, ಚುನಾವಣೆ ಯಾವಾಗಲೂ ಸೆಕೆಗಾಲದಲ್ಲಿ. "ಇಷ್ಟು ವರ್ಷ ನಾನು ಓಟು ಹಾಕಿದ್ದು ಈ ಮೇಜಿನ ಮೇಲೆ ಮಾತ್ರ ಜಯಂತಿ. ಈಗ ಅದೂ ಇಲ್ಲ" ಎಂದರು. ಮತ್ತೆ ನಾನು ನಗಲಿಲ್ಲ.

ನಾಲ್ಕೈದು ವರ್ಷ ನಾವು ಅದೇ ಐವರು ಒಟ್ಟಿಗಿದ್ದೆವು. ಗ್ರೇಟಾಳ ಗಂಡ ಹಡಗಿನ ಕೆಲಸದವನು, ಹಾಗಾಗಿ ಮದುವೆಯಾದ ಮೇಲೂ ಅವಳು ಅದೇ ಮಂಚಕ್ಕೆ ಬಂದಳು. ಆಮೇಲೆ ಒಂದು ದಿನ ಲಿಲ್ಲಿ ಬಾಯಿ ಊರಿಗೆ ಹೋಗುತ್ತೇನೆ ಎಂದರು. ಯಾರೂ ಹೋಗು ಎಂದಿರಲಿಲ್ಲ. ಆಫೀಸಿನ ಅರಬಾಬ್, ಎಂದರೆ ಯಜಮಾನರು, ಬೇಕಿದ್ದರೆ ವೀಸಾ ಮತ್ತೆ ಮಾಡಿಸುತ್ತೇನೆ ಎಂದಿದ್ದರಂತೆ. ಶಂಕರಪುರದಲ್ಲಿ ಅವರು ಕಟ್ಟಿಸಿದ ಸಣ್ಣ ಮನೆಯೊಂದಿತ್ತು. ಅದಕ್ಕೆ ಸರಿಯಾದ ದಾರಿಯಿಲ್ಲ, ನಳ್ಳಿಯಲ್ಲಿ ನೀರಿಲ್ಲ ಎಂದು ರಜೆಯಿಂದ ಬಂದಾಗಲೆಲ್ಲ ಅವರೇ ಹೇಳುತ್ತಿದ್ದರು. ಅಂಥ ಕಡೆ ಹೋಗಿ ಎಂತ ಮಾಡುತ್ತೀರಿ ಎಂದು ನಾನು ಹೆಚ್ಚುಕಡಿಮೆ ಜಗಳವನ್ನೇ ಆಡಿದೆ.

"ಇಲ್ಲಿ ಎಲ್ಲ ಸರಿ ಉಂಟು. ರಸ್ತೆ, ನೀರು, ಕರೆಂಟು. ಈ ಊರು ನನಗೆ ಅನ್ನ ಕೊಟ್ಟಿದೆ, ಇಲ್ಲ ಅಂದ್ರೆ ನಾಲಿಗೆ ಬಿದ್ದುಹೋದೀತು. ಆದ್ರೆ ಇಲ್ಲಿ ನಾನು ನೆಂಟರ ಹಾಗೆ, ಜಯಂತಿ. ನೆಂಟರು ಚೆಂದ ಮಾಡಿ ಇದ್ದು ಹೋಗ್ಬೇಕು. ಅಲ್ಲಿ ನಳ್ಳಿಯಲ್ಲಿ ನೀರು ಬರದಿದ್ರೆ ಪಂಚಾಯತಿಗೆ ಹೋಗಿ ಮೇಜು ಗುದ್ದಿ ಜಗಳ ಮಾಡ್ಬಹುದು. ಕಾಲಲ್ಲಿ ಶಕ್ತಿ ಇರುವಾಗ ಅದೊಂದು ಮಾಡ್ಬೇಕು ಅಂತ."

ಹೊರಡುವ ಹಿಂದಿನ ಸಂಜೆ ಸಭೆ ಕರೆದವರು ವನಜಕ್ಕ. ಲಿಲ್ಲಿ ಬಾಯಿಯನ್ನು ಮೇಜಿನ ತುದಿಯ ಕುರ್ಚಿಯಲ್ಲಿ ಕೂರಿಸಿದರು. ವನಜಕ್ಕನ ಕಣ್ಣು ಆಗಲೇ ಕೆಂಪಗಾಗಿತ್ತು, ಆದರೂ ಸಭೆಯ ವಿಷಯ ಹೇಳಿದರು. "ಲಿಲ್ಲಿ ಬಾಯಿ ಹೋಗಬಾರದು ಅನ್ನುವವರು ಕೈ ಎತ್ತಿ."

ವನಜಕ್ಕ, ಗ್ರೇಟಾ, ಶಕೀಲಾ, ನಾನು, ನಾಲ್ವರೂ ಎತ್ತಿದೆವು. ಲಿಲ್ಲಿ ಬಾಯಿ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಆಮೇಲೆ ತಮ್ಮ ಕೈಯನ್ನೂ ಎತ್ತಿದರು. ಈ ಸಲ ಅದು ಸುಳ್ಳು ಕೈಯಲ್ಲ ಎಂದು ನಮಗೆಲ್ಲರಿಗೂ ಗೊತ್ತಿತ್ತು.

"ಐದು. ಎಲ್ಲರೂ" ಎಂದು ಅವರೇ ಎಣಿಸಿ ಹೇಳಿದರು.

"ಮತ್ತೆ?" ಎಂದರು ವನಜಕ್ಕ, ಆಸೆಯಿಂದ.

"ಮತ್ತೆಂತ ವನಜಾ. ಐನೂರು ಜನ ಕೈ ಎತ್ತಿದ್ರೂ..." ಎಂದರು. ಮುಂದಿನದು ನಮಗೆಲ್ಲ ಗೊತ್ತಿದ್ದದ್ದೇ. ಕೈ ಇಳಿಸಿ ಬೈರಾಸಿನಲ್ಲಿ ಮುಖ ಒರೆಸಿಕೊಂಡು ಅಡುಗೆಮನೆಗೆ ಹೋದರು.

ಯಾರನ್ನೂ ಏನೂ ಕೇಳದೆ ಒಲೆ ಹಚ್ಚಿದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಐದು ಲೋಟ ಚಹಾ ತಂದು ಮೇಜಿನ ಮೇಲಿಟ್ಟು, ಒಂದನ್ನು ಶಕೀಲಾಳ ಮುಂದಕ್ಕೂ ಸರಿಸಿದರು. ಶಕೀಲಾ ಬೇಡ ಎನ್ನಲಿಲ್ಲ. ಎರಡೂ ಕೈಯಲ್ಲಿ ಲೋಟ ಹಿಡಿದುಕೊಂಡು, ಆರುವವರೆಗೂ ಕಾಯದೆ, ಪೂರ್ತಿ ಕುಡಿದಳು.